ಒತ್ತುವರಿಯಲ್ಲ, ಕಬಳಿಕೆ

ನಮ್ಮ ಕೋಲಾರದ ಕೆರೆಗಳ ಸುದ್ದಿಯಲ್ಲಿ ಪದೇ ಪದೇ ಬರುವ ಪದ 'ಒತ್ತುವರಿ'. ನನಗೆ ಈ ಪದದ ಮೇಲೆ ಸಿಟ್ಟಿದೆ. ತೀರಾ ಮೆತ್ತಗಿದೆ. ಕಿತ್ತುಕೊಳ್ಳುವಾಗ ಹಿಡಿದವನು ಬಿಡದೆ ಎಳೆದಾಡುತ್ತಾನೆ, ಕಸಿದುಕೊಂಡರೆ ಕೈ ಬರಿದಾದದ್ದು ಆ ಕ್ಷಣವೇ ತಿಳಿಯುತ್ತದೆ. ದೋಚುವುದು, ಕೊಳ್ಳೆ ಹೊಡೆಯುವುದು ಊರಿಗೇ ಕೇಳಿಸುವ ಕೆಲಸ. ಒತ್ತುವರಿಗೆ ಸದ್ದೇ ಇಲ್ಲ. ಬದು ಗೇಣುಗೇಣಾಗಿ ಸರಿಯುತ್ತದೆ, ರಾಜಕಾಲುವೆಗೆ ಒಂದೆರಡು ಟ್ರ್ಯಾಕ್ಟರ್ ಮಣ್ಣು ಬೀಳುತ್ತದೆ, ಮುಂದಿನ ಮುಂಗಾರಿಗೆ ಅಲ್ಲಿ ರಾಗಿ ಪೈರು. ಜೋರು ಮಳೆಯಲ್ಲಿ ನೀರು ಕೆರೆಯ ದಾರಿ ಕಾಣದೆ ರಸ್ತೆಗೆ ನುಗ್ಗಿದಾಗಲೇ ಕಳೆದುಕೊಂಡದ್ದು ಗೊತ್ತಾಗುವುದು.

ರಾಜ್ಯದ 2011ರ ಕಾಯ್ದೆಯ ಹೆಸರಿನಲ್ಲೇ 'ಭೂಕಬಳಿಕೆ' ಎಂದಿದೆ. ಅದು ಸರಿಯಾದ ಮಾತು. ಕಬಳ ಎಂದರೆ ತುತ್ತು. ನುಂಗಿದ ಬಾಯಿಯೊಂದು ಇದೆ ಎಂದು ಆ ಪದವೇ ಹೇಳುತ್ತದೆ. (ಸೂರೆಯ ದಾರಿಯೇ ಬೇರೆ. ಊರು ಸೂರೆಯಾದರೆ ಗೋಳು, ಹಾಡು ಮನಸೂರೆಗೊಂಡರೆ ಹೊಗಳಿಕೆ. ಕನ್ನಡದ ಈ ಗುಣ ನನಗೆ ಬಹಳ ಇಷ್ಟ.)

ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯಿಂದ 2018ರಲ್ಲಿ ನಮ್ಮ ಒಣ ಕೆರೆಗಳಿಗೆ ನೀರು ಬರತೊಡಗಿತು. ನೀರು ನಿಲ್ಲಲು ಅಂಗಳ ಉಳಿಯಬೇಕಲ್ಲವೇ? ಸುದ್ದಿ ಬರೆಯುವ ಗೆಳೆಯರೇ, ಇನ್ನು ಮುಂದಾದರೂ ಕಬಳಿಸಿದರು ಎಂದೇ ಬರೆಯಿರಿ.