ಖಾಲಿ ಸ್ಟ್ರಿಪ್ ಎಣಿಸಿದ ದಿನ

ತಾಲೂಕು ಆಸ್ಪತ್ರೆಯೊಂದರ ಬಿಪಿ-ಶುಗರ್ ಕ್ಲಿನಿಕ್‌ನಲ್ಲಿ ನಾನು ನರ್ಸ್. ಬಿಪಿ ನೋಡಿ ಕಾರ್ಡಿನಲ್ಲಿ ಬರೆಯುವುದು, ತಿಂಗಳ ಮಾತ್ರೆ ಕೊಡುವುದು ನನ್ನ ಕೆಲಸ. ಬಿಪಿ ಇಳಿಯದವರನ್ನು ಎರಡೇ ಪ್ರಶ್ನೆ ಕೇಳುತ್ತಿದ್ದೆ. ಮಾತ್ರೆ ತಪ್ಪಿಸ್ತೀರಾ? ಉಪ್ಪಿನಕಾಯಿ, ಹಪ್ಪಳ ಬಿಟ್ಟಿದ್ದೀರಾ?

ಗೂಡ್ಸ್ ಗಾಡಿ ಓಡಿಸುವವರೊಬ್ಬರು ಬರುತ್ತಿದ್ದರು. ವಯಸ್ಸು ಐವತ್ತರ ಆಸುಪಾಸು, ದಪ್ಪ ಕುತ್ತಿಗೆ. ಆಮ್ಲೊಡಿಪಿನ್ ಅನ್ನೋ ಬಿಪಿ ಮಾತ್ರೆಗೆ ಟೆಲ್ಮಿಸಾರ್ಟನ್ ಅನ್ನೋ ಇನ್ನೊಂದು ಸೇರಿತು, ಆಮೇಲೆ ಮೂತ್ರ ಹೆಚ್ಚಿಸುವ ನೀರಿನ ಮಾತ್ರೆಯೂ ಸೇರಿತು. ಆದರೂ 160/100ರಿಂದ ಕೆಳಗಿಳಿಯಲಿಲ್ಲ. ಒಂದು ದಿನ ಸಾಲಿನಲ್ಲಿದ್ದ ಎಲ್ಲರೆದುರೇ ಬೈದೆ. "ಮಾತ್ರೆ ನುಂಗದೆ ಸುಳ್ಳು ಹೇಳ್ತೀರಲ್ಲಾ!"

ಅವರು ಮಾತಾಡಲಿಲ್ಲ. ಚೀಲದಿಂದ ಖಾಲಿ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟರು. ಎಣಿಸಿದೆ. ಲೆಕ್ಕ ಸರಿಯಾಗಿತ್ತು. ಡಾಕ್ಟರಿಗಾಗಿ ಕಾಯುತ್ತಾ ಬೆಂಚಿನ ಮೇಲೆಯೇ ನಿದ್ದೆ ಹೋಗಿ ಗೊರಕೆ ಹೊಡೆದರು. ನಾವೆಲ್ಲ ನಕ್ಕೆವು. ಉತ್ತರ ಕಣ್ಣೆದುರೇ ಇತ್ತು, ನಾನು ಕಾರ್ಡ್ ನೋಡುತ್ತಿದ್ದೆ.

ಮುಂದಿನ ತಿಂಗಳು ಅವರ ಹೆಂಡತಿ ಜಗಳಕ್ಕೇ ಬಂದರು. "ದಿನಾ ನಾನೇ ಕೈಯಾರೆ ಮಾತ್ರೆ ಕೊಡ್ತೀನಿ ಸಿಸ್ಟರ್. ರಾತ್ರಿ ಇವರ ಉಸಿರು ನಿಂತಾಗ ತಟ್ಟಿ ಎಬ್ಬಿಸೋಳೂ ನಾನೇ. ನೀವು ಸುಳ್ಳು ಅಂತೀರಾ?"

ಉಸಿರು ನಿಲ್ಲುತ್ತಾ? ಆಗ ಡಾಕ್ಟರನ್ನೇ ಕರೆದೆ.

ಸರಿಯಾಗಿ ನಿದ್ದೆ ಬಂದರೆ ಬಿಪಿ ಹಗಲಿಗಿಂತ ಶೇ. 10ರಿಂದ 20ರಷ್ಟು ಇಳಿಯುತ್ತದೆ. ಹೃದಯಕ್ಕೆ, ರಕ್ತನಾಳಗಳಿಗೆ ಸಿಗುವ ಬಿಡುವು ಅದು. ಸ್ಲೀಪ್ ಆಪ್ನಿಯಾ ಇದ್ದವರಿಗೆ ಈ ಬಿಡುವು ಸಿಗುವುದು ಕಷ್ಟ. ಗಂಟಲು ಸಡಿಲವಾಗಿ ಮುಚ್ಚಿಕೊಂಡು 10 ಸೆಕೆಂಡಿಗೂ ಹೆಚ್ಚು ಉಸಿರು ಕಟ್ಟುತ್ತದೆ. ಆಕ್ಸಿಜನ್ ಇಳಿಯುತ್ತದೆ. ದೇಹ ಗಾಬರಿಯಾಗಿ ಎಚ್ಚರಗೊಳ್ಳುತ್ತದೆ, ಬಿಪಿ ಜಿಗಿಯುತ್ತದೆ. ತೊಂದರೆ ಜಾಸ್ತಿ ಇದ್ದವರಿಗೆ ಗಂಟೆಗೆ 30 ಸಲಕ್ಕೂ ಮೇಲೆ ಹೀಗಾಗುತ್ತದೆ. ಬೆಳಗಾದ ಮೇಲೂ ಆ ಏರು ಉಳಿಯಬಹುದು. ಮಲಗಿದವರಿಗೆ ಎಷ್ಟೋ ಸಲ ಇದು ಗೊತ್ತೇ ಆಗುವುದಿಲ್ಲ. ಪಕ್ಕದಲ್ಲಿ ಮಲಗಿದವರಿಗೆ ಗೊತ್ತಿರುತ್ತದೆ, ಅವರನ್ನು ನಾವು ಕೇಳುವುದಿಲ್ಲ. ನನಗಂತೂ ಬಿಪಿಗಿಂತ, ಹಗಲಲ್ಲೇ ನಿದ್ದೆ ಹೋಗುವ ಗಾಡಿಯವರ ಕೈಯಲ್ಲಿರುವ ಸ್ಟೇರಿಂಗ್ ನೆನೆದೇ ಹೆದರಿಕೆಯಾಯಿತು.

ನಿದ್ದೆಯ ಪರೀಕ್ಷೆಯಲ್ಲಿ ಆಪ್ನಿಯಾ ಅಂತಲೇ ಬಂತು. ಈಗ ಮೂಗಿಗೆ ಗಾಳಿ ಒತ್ತುವ ಸಿಪ್ಯಾಪ್ ಮೆಷಿನ್ ಹಾಕಿಕೊಂಡು ಮಲಗುತ್ತಾರೆ. ಅದೇನು ಮಂತ್ರದಂಡವಲ್ಲ. ಮೆಷಿನ್ನಿಂದ ಬಿಪಿ ಇಳಿಯುವುದು ಸರಾಸರಿ 2-3 ಪಾಯಿಂಟ್ ಅಷ್ಟೇ. ಆಪ್ನಿಯಾ ಜೋರಿದ್ದು, ರಾತ್ರಿಯಿಡೀ ಹಾಕಿಕೊಂಡರೆ ಇನ್ನೂ ಸ್ವಲ್ಪ ಜಾಸ್ತಿ. ಹಾಗಾಗಿ ಮಾತ್ರೆಗಳೂ ಇವೆ, ತೂಕ ಇಳಿಸುವ ಪ್ರಯತ್ನವೂ ಇದೆ.

ಆಮೇಲೆ ಎಲ್ಲರನ್ನೂ ನಿದ್ದೆ ಬಗ್ಗೆ ಕೇಳತೊಡಗಿದೆ. ಒಬ್ಬರು ಅಜ್ಜಿ ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದರು. ನೋಡಿದರೆ ನೀರಿನ ಮಾತ್ರೆಯನ್ನೂ ಮಲಗುವಾಗಲೇ ನುಂಗುತ್ತಿದ್ದರು! ನಾವೇ ಎಲ್ಲಾ ಮಾತ್ರೆ ಒಂದೇ ಕವರಿಗೆ ಹಾಕಿ ಕೊಟ್ಟಿದ್ದೆವು. ಡಾಕ್ಟರು ಅದನ್ನು ಬೆಳಗ್ಗೆಗೆ ಬದಲಾಯಿಸಿದರು.

ಈಗ ನನ್ನ ಡ್ರಾಯರಿನಲ್ಲಿ ಟೈಲರ್ ಟೇಪ್ ಇದೆ. ಕುತ್ತಿಗೆ ಸುತ್ತಳತೆ 40 ಸೆಂಟಿಮೀಟರ್ ದಾಟಿದ್ದು, ಗೊರಕೆಯೂ ಇದ್ದರೆ ಆಪ್ನಿಯಾ ಇರಬಹುದೆಂದು ಕಾರ್ಡಿನ ಮೂಲೆಯಲ್ಲಿ ಗುರುತು ಹಾಕಿ ಡಾಕ್ಟರಿಗೆ ತೋರಿಸುತ್ತೇನೆ.

ಗಾಡಿಯವರ ಹತ್ತಿರ ತಪ್ಪಾಯ್ತು ಅಂದೆ, ಸಾಲಿನಲ್ಲಿ ಎಲ್ಲರೆದುರೇ. "ಇರ್ಲಿ ಬಿಡಿ ಸಿಸ್ಟರ್" ಅಂದರು. ಅವರ ಹೆಂಡತಿ ಮಾತ್ರ ಈಗಲೂ ತಿಂಗಳ ಸ್ಟ್ರಿಪ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟೇ ಮಾತು ಶುರು ಮಾಡುತ್ತಾರೆ.