ಆಕಿ ಮಾತಾಡಾಕತ್ತಾಳ, ಹಾಡಾಕತ್ತಿದ್ದು ಇಂವ

"ತಮ್ಮಾ, ಆಕಿ ಮಾತಾಡಾಕತ್ತಾಳ. ಹಾಡಾಕತ್ತಿದ್ದು ಇಂವ. ಯಾರಿಂವ?"

ಈ ವಾರ ಪೂರ್ತಿ ಇದ ಮಾತು ತಲ್ಯಾಗ ಕುಂತೈತಿ. ಅಂದಾಂವ ಕೊಪ್ಪಳದಾಗ ಸ್ಪೀಕರ್ ರಿಪೇರಿ ಮಾಡೋ ಕಾಕಾ. ಮನಿ ಹೋಂ ಥಿಯೇಟರಿನ ಸಬ್‌ವೂಫರ್ ಕೋನ್ ಹರಿದಿತ್ತು, ಹಾಕ್ಸಾಕ ಹೋಗಿದ್ದೆ. ಹೊಸ ಕೋನ್ ಕೂಡ್ಸಿ, ಗಮ್ ಒಣಗೋ ತನಕ ಕುಂದ್ರು ಅಂದ್ರು, ಕುಂತೆ. ಆಮ್ಯಾಲೆ "ಬೇಸ್ ಇರೋ ಹಾಡು ಯಾವ್ದರ ಇದ್ರ ಹಚ್ಚು, ನನ್ನ ಡಬ್ಬಿಗೂ ಒಮ್ಮೆ ಟೆಸ್ಟ್ ಆಗ್ಲಿ" ಅಂತ ವೈರ್ ಕೊಟ್ರು. ಬ್ಲೂಟೂತ್ ಅಂದ್ರ ಅವರಿಗೆ ಆಗಂಗಿಲ್ಲ, ಗಾಳ್ಯಾಗ ಬಂದಿದ್ದು ಗಾಳ್ಯಾಗ ಹೋಕ್ಕೈತಿ ಅಂತಾರ. ಅಂಗಡಿ ಮುಂದ ಯಾವ್ದೋ ಮದುವಿ ಆರ್ಡರಿಗೆ ಹೋಗೋ 18 ಇಂಚಿನ ಎರಡು ಬೇಸ್ ಡಬ್ಬಿ ನಿಂತಿದ್ವು. ನಾನು ಕೆನಡಾದ ಹಾಡುಗಾರ್ತಿ ಜೋನಿ ಮಿಚೆಲ್‌ದು 'ಕಯೋಟಿ' ಹಚ್ಚಿದೆ. ಯಾಕ ಅದನ್ನ ಹಚ್ಚಿದೆ ಅಂತ ಕೇಳಬ್ಯಾಡ್ರಿ, ಫೋನ್ ತಗದ ಕೂಡ್ಲೆ ಅದ ಮ್ಯಾಲಿತ್ತು.

ಡಿಜೆ ರಿಮಿಕ್ಸ್ ಬರ್ತೈತಿ ಅಂದ್ಕೊಂಡಿದ್ರೋ ಏನೋ, ಕಾಕಾ ಮೊದ್ಲ ಮಾರಿ ಸಣ್ಣದ ಮಾಡಿದ್ರು. ಒಂದೆರಡು ಸಾಲು ಆದ ಮ್ಯಾಲೆ ಸೋಲ್ಡರ್ ಮಾಡೋ ಕಡ್ಡಿ ಸ್ಟ್ಯಾಂಡಿಗೆ ಇಟ್ಟು, ಡಬ್ಬಿ ಜಾಳಿಗಿ ಮ್ಯಾಲೆ ಅಂಗೈ ಹಚ್ಚಿ ನಿಂತ್ರು. ಹಾಡು ಮುಗಿಯೋ ತನಕ ಕೈ ತಗೀಲಿಲ್ಲ. ಆಮ್ಯಾಲೆ ಈ ಮಾತು.

ಕಾಕಾಗ ಇಂಗ್ಲಿಷ್ ಒಂದಕ್ಷರ ಬರಂಗಿಲ್ಲ. ಅದ ಅನುಕೂಲ ಆತು ಅನ್ಸತೈತಿ. ಆ ಹಾಡಿನ್ಯಾಗ ಪದ ಎಷ್ಟದಾವ ಅಂದ್ರ, ಉಸಿರು ಎಲ್ಲಿ ತಗೊಂತಾಳ ಅಂತ ಗೊತ್ತಾಗಂಗಿಲ್ಲ. ಹೈವೇ, ದನದ ಫಾರ್ಮ್, ಹೋಟೆಲ್ಲು ಅಂತ ಒಂದ ಸವನ ಹೇಳ್ಕೊಂಡು ಹೋಕ್ಕಾಳ. ಅರ್ಥ ಆದವ್ರು ಆ ಪದದ ಬೆನ್ನ ಹತ್ತತಾರ, ಅರ್ಥ ಆಗದಾಂವ ರಾಗ ಎಲ್ಲೈತಿ ಅಂತ ಹುಡುಕ್ತಾನ. ಹುಡುಕಿದ್ರ ಅದು ಸಿಗೋದು ಕೆಳಗಿನ ದಪ್ಪ ಸ್ವರ ಬಾರಿಸೋ ಬೇಸ್ ಗಿಟಾರಿನ್ಯಾಗ. ಇನ್ನ ಫೋನ್ ಸ್ಪೀಕರಿನ್ಯಾಗ ಕೇಳೋರಿಗೆ ಅದು ಸಿಗೋದ ಕಷ್ಟ, ಬೇಸ್ ಗಿಟಾರಿನ ಭಾಳ ದಪ್ಪ ತಂತಿ ಸುಮಾರು 41 ಹರ್ಟ್ಜ್, ಅಂದ್ರ ಸೆಕೆಂಡಿಗೆ 41 ಸಲ ನಡಗತೈತಿ, ಅಷ್ಟು ಕೆಳಗ ಇಳಿಯೋ ತಾಕತ್ತು ಆ ಸಣ್ಣ ಸ್ಪೀಕರಿಗೆ ಎಲ್ಲಿಂದ ಬರಬೇಕು.

ಕಾಕಾ ಕೇಳಿದ "ಇಂವ" ಜಾಕೊ ಪಾಸ್ಟೋರಿಯಸ್, ಅಮೆರಿಕಾದ ಬೇಸ್ ವಾದಕ. ಗಿಟಾರಿನ ಕುತ್ತಿಗಿ ಮ್ಯಾಲೆ ಅಡ್ಡ ಪಟ್ಟಿ ಇರ್ತಾವಲ್ಲ, ಫ್ರೆಟ್ ಅಂತೀವಿ, ಅವೆಲ್ಲ ತಗದು, ಸಂದಿ ತುಂಬಿ, ಮ್ಯಾಲೆ ದೋಣಿಗೆ ಬಳಿಯೋ ಎಪಾಕ್ಸಿ ಬಳದು ಬಾರಿಸಿದಾಂವ. ಪಟ್ಟಿ ಇಲ್ಲಂದ್ರ ಒಂದು ಸ್ವರದಿಂದ ಇನ್ನೊಂದಕ್ಕ ಜಾರಬಹುದು, ನಮ್ಮೋರು ಅದಕ್ಕ ಮೀಂಡ್ ಅಂತಾರ. ಕಾಕಾ ದಿನಾ ಸಂಜಿಕ ಸಿದ್ಧರಾಮ ಜಂಬಲದಿನ್ನಿ ಅವರ ವಚನ ಹಚ್ಕೊಂಡು ಕೆಲಸ ಮಾಡೋ ಮನಷ್ಯ, ಆ ಜಾರೋದು ಅವರ ಕಿವಿಗೆ ತಾನ ಸಿಕ್ಕೈತಿ. ಅದಕ್ಕ "ಹಾಡಾಕತ್ತಾನ" ಅಂದ್ರು. ಬಾರಸಾಕತ್ತಾನ ಅನ್ನಲಿಲ್ಲ ನೋಡ್ರಿ.

ರಾತ್ರಿ ಇದನ್ನ ಬಳ್ಳಾರಿ ಗೆಳೆಯಾಗ ಫೋನ್ ಮಾಡಿ ಹೇಳಿದೆ. ತೋರಣಗಲ್ಲಿನಾಗ ಶಿಫ್ಟ್ ಮಾಡ್ತಾನ, ಕಾಲೇಜಿನ್ಯಾಗಿದ್ದಾಗ ಪೆನ್‌ಡ್ರೈವ್ ತುಂಬ ಈಕಿ ಹಾಡು ಕೊಟ್ಟಾಂವ ಅವ್ನ. ಅವನ ಮಟ್ಟಿಗೆ ಜೋನಿ ಮಿಚೆಲ್ ಅಂದ್ರ 1971ರ 'ಬ್ಲೂ' ಕ್ಯಾಸೆಟ್ಟು, ಅಲ್ಲಿಗೆ ಮುಗೀತು. "ಲೇ, ಆಮ್ಯಾಲೆ ಆಕಿ ಜಾಝ್ ಜಾಝ್ ಅಂತ ತಲಿ ಕೆಡಿಸ್ಕೊಂಡ್ಳು, ನಿಮ್ಮ ಕಾಕಾಗ ಏನ್ ಗೊತ್ತು" ಅಂದ. ಅಂವ ಯಾವಾಗ್ಲೂ ಹಿಂಗ. ಒಗ್ಗರಣಿ ಮಿರ್ಚಿ ಸೈತ ತಮ್ಮೂರಾಗ ಬಿಟ್ರ ಬ್ಯಾರೆ ಕಡೆ ಮಾಡಾಕ ಬರಂಗಿಲ್ಲ ಅನ್ನೋ ಪೈಕಿ.

ಆದ್ರ ಅವನ 'ಬ್ಲೂ'ನ ತಗೊಂಡ್ ನೋಡ್ರಿ, ಅದ್ರಾಗ ಬೇಸ್ ಇಲ್ಲ ಅನ್ನುವಷ್ಟು ಕಡಿಮಿ. 'ಕ್ಯಾರಿ' ಅನ್ನೋ ಹಾಡಿನ್ಯಾಗ ಸ್ಟೀಫನ್ ಸ್ಟಿಲ್ಸ್ ಬಾರಿಸ್ಯಾನ, ಉಳದದ್ದು ಹೆಚ್ಚಾಗಿ ಆಕಿ ದನಿ, ಆಕಿ ಗಿಟಾರ್, ಆಕಿ ಪಿಯಾನೊ. ಬ್ಯಾರೆಯವರು ಒಳಗ ಬರಾಕ ಜಾಗನ ಇದ್ದಿದ್ದಿಲ್ಲ. ಅದಕ್ಕ ಕಾರಣನೂ ಐತಿ. ಸಣ್ಣಾಕಿ ಇದ್ದಾಗ, ಒಂಬತ್ತನೇ ವಯಸ್ಸಿಗೆ, ಕೆನಡಾದಾಗ ಪೋಲಿಯೊ ಆಗಿತ್ತು, ಎಡಗೈ ಸೋತಿತ್ತು. ಎಲ್ಲರೂ ಹಿಡಿಯೋ ಹಂಗ ಕಾರ್ಡ್, ಅಂದ್ರ ಒಮ್ಮೆಗೇ ಬಾರಿಸೋ ಮೂರ್ನಾಕು ಸ್ವರ, ಹಿಡಿಯಾಕ ತ್ರಾಸು ಅಂತ ತಂತಿಗಳನ್ನ ತನಗ ಬೇಕಾದಂಗ ಬಿಗಿದು, ಸಡ್ಲ ಮಾಡಿ ಶ್ರುತಿ ಮಾಡ್ಕೊಂಡ್ಳು. ಒಂದಲ್ಲ ಎರಡಲ್ಲ, 50ಕ್ಕೂ ಹೆಚ್ಚು ಥರ. ಈಗ ಬೇಸ್ ಬಾರಿಸೋ ಹುಡುಗನ ಸ್ಥಿತಿ ಯೋಚನಿ ಮಾಡ್ರಿ. ಅವ್ನಿಗೆ ಕಲಿಸಿದ್ದು ಏನು, ಕಾರ್ಡಿನ ಮೂಲ ಸ್ವರ ಹಿಡಿ, ಡ್ರಮ್ ಜೊತಿ ನಡಿ. ಈಕಿ ಕಾರ್ಡಿನ ಮೂಲ ಸ್ವರ ಯಾವ್ದು ಅಂತ ಈಕಿಗ ಹೇಳಾಕ ಬರಂಗಿಲ್ಲ! ಮೂಲ ಸ್ವರ ಗಟ್ಟಿಯಾಗಿ ಒತ್ತಿದ್ರ ಹಾಡು ಅಲ್ಲೇ ಮೊಳಿ ಹೊಡದಂಗ ಆಕ್ಕಿತ್ತು, ಆಕಿಗೆ ಸಿಟ್ಟು ಬರ್ತಿತ್ತು, ಹಿಂಗ ಬಾರಸು ಹಂಗ ಬಾರಸು ಅಂತ ಹೇಳಿ ಹೇಳಿ ಸಾಕಾಗಿ, ಕಡೀಕ ರಾಕ್ ಮಂದಿ ಬಿಟ್ಟು ಜಾಝ್ ಮಂದಿ ಹುಡುಕ್ಕೊಂಡು ಹೋದ್ಳು. ಇದನ್ನ ನನ್ನ ಗೆಳೆಯ "ತಲಿ ಕೆಡಿಸ್ಕೊಂಡ್ಳು" ಅಂತಾನ.

1974ರ 'ಕೋರ್ಟ್ ಅಂಡ್ ಸ್ಪಾರ್ಕ್'ನ್ಯಾಗ ಮ್ಯಾಕ್ಸ್ ಬೆನೆಟ್, ವಿಲ್ಟನ್ ಫೆಲ್ಡರ್ ಬೇಸ್ ಹಿಡಿದ್ರು. ಫೆಲ್ಡರ್ ಅಂತೂ ಮೂಲತಃ ಸ್ಯಾಕ್ಸೊಫೋನ್ ಊದಾಂವ. ಆಕಿ ಕ್ಯಾಸೆಟ್ಟು ಭಾಳ ಮಾರಾಟ ಆಗಿದ್ದು ಅದ. ನೀಟ್ ಕೆಲಸ, ಎಲ್ಲಾ ಕೂಡಿ ಬಂದೈತಿ, ರೇಡಿಯೊಕ್ಕ ಹೇಳಿ ಮಾಡ್ಸಿದಂಗ. ನನಗ ಅದು ಸ್ವಲ್ಪ ಅತಿ ನೀಟ್ ಅನ್ಸತೈತಿ, ಇರ್ಲಿ.

1976ರಾಗ ಅಮೆರಿಕಾದ ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ ಒಬ್ಬಾಕಿನ ಕಾರ್ ಹೊಡ್ಕೊಂಡು ಹೋಗ್ತಾ ಹೆಚ್ಚಿನ ಹಾಡು ಬರದ್ಳು, ಅದು 'ಹೆಜಿರಾ' ಕ್ಯಾಸೆಟ್ಟು, 'ಕಯೋಟಿ' ಇರೋದೂ ಇದ್ರಾಗನ. ಜಾಕೊ ಬಂದಿದ್ದು ಇಲ್ಲಿ, ಅದೂ ಪೂರ್ತಿ ಅಲ್ಲ, ಒಂಬತ್ತು ಹಾಡಿನ್ಯಾಗ ನಾಕಕ್ಕ ಅಷ್ಟ. 'ಅಮೀಲಿಯಾ' ಅನ್ನೋ ಹಾಡಿನ್ಯಾಗ ಬೇಸ್ ಇಟ್ಟ ಇಲ್ಲ, ಗಿಟಾರ್, ವೈಬ್ರಾಫೋನ್ ಅಷ್ಟ ಐತಿ, ವಿಮಾನ ಹಾರಿಸ್ಕೊಂಡು ಹೋಗಿ ಕಾಣೆಯಾದ ಹೆಣ್ಣಮಗಳ ಮ್ಯಾಲಿನ ಹಾಡು, ಕಾಲ ಕೆಳಗ ನೆಲ ಇಲ್ಲ. ಬೇಸ್ ಎಲ್ಲಿ ಬ್ಯಾಡ ಅನ್ನೋದೂ ಆಕಿಗೆ ಗೊತ್ತಿತ್ತು ಅನ್ನಾಕ ಇದನ್ನ ಹೇಳಿದೆ. ಇನ್ನ 'ಹೆಜಿರಾ' ಅನ್ನೋ ಹಾಡಿನ್ಯಾಗನ ಜಾಕೊ ಒಂದರ ಮ್ಯಾಲೊಂದು ಬೇಸ್ ರೆಕಾರ್ಡ್ ಮಾಡ್ಯಾನ, ತನಗ ತಾನ ಉತ್ತರ ಕೊಟ್ಟಂಗ.

ಒಂದು ಪ್ರಯೋಗ ಮಾಡ್ರಿ, ಮಂಗಳವಾರ ನಾನೂ ಮಾಡಿದೆ. ಅದ 'ಕಯೋಟಿ'ನ, ಅದ 1976ರ ನವೆಂಬರಿನ್ಯಾಗ, ದಿ ಬ್ಯಾಂಡ್ ಅನ್ನೋ ತಂಡದ ವಿದಾಯದ ಕಚೇರಿಯೊಳಗ ಸ್ಯಾನ್ ಫ್ರಾನ್ಸಿಸ್ಕೊದಾಗ ಹಾಡ್ಯಾಳ, ವಿಡಿಯೊ ಸಿಗತೈತಿ. ಅಲ್ಲಿ ಬೇಸ್ ರಿಕ್ ಡ್ಯಾಂಕೊ. ಛಲೋ ಬಾರಸ್ತಾನ, ಮಂದಿ ತೊಡಿ ತಟ್ಟೋ ಹಂಗ ಬಾರಸ್ತಾನ. ಅದನ್ನ ಕೇಳಿ ಹಿಂದಿಂದ ಜಾಕೊಂದು ಕೇಳಿದ್ರ ಕಾಕಾನ ಮಾತು ಪೂರಾ ತಿಳಿತೈತಿ. ಡ್ಯಾಂಕೊ ಜೊತಿ ಹಾಡಬೇಕಾದ್ರ ರಾಗದ ಭಾರ ಎಲ್ಲಾ ಆಕಿ ಮ್ಯಾಲ ಬಿದ್ದೈತಿ, ಆಕಿನ ಹಾಡಬೇಕು, ಹಾಡ್ತಾಳ. ಜಾಕೊ ಇದ್ದಲ್ಲಿ ಆಕಿ ಆರಾಮ, ತನ್ನ ಕಥಿ ತಾನು ಹೇಳ್ಕೊಂಡು ಕುಂದ್ರಬಹುದು. ಆಕಿ ಮಾತಾಡಾಕತ್ತಾಳ, ಹಾಡಾಕತ್ತಿದ್ದು ಇಂವ.

ನಾನು ಮತ್ತ ಅಂಗಡಿಗೆ ಹೋಗಿ, ಕಾಕಾ ನಿಮ್ಗ ಅದು ಹೆಂಗ ತಿಳೀತ್ರಿ ಅಂದ್ರ, "ಅದ್ರಾಗೇನೈತೋ, ಭಜನ್ಯಾಗ ಮುಂದ ಹಿಡಿಯಾಂವ ಬ್ಯಾರೆ, ಹಿಂದ ಎತ್ತಾಂವ ಬ್ಯಾರೆ. ಮುಂದಿನಾಂವ ಪದ ಮರೆತ್ರೂ ನಡಿತೈತಿ, ಹಿಂದಿನಾಂವ ಕೈ ಬಿಟ್ರ ರಾತ್ರಿ ಹೋತು" ಅಂದ್ರು. ಅವರು ಊರಾಗ ಹಿಂದ ಎತ್ತಾಂವ ಆಗಿದ್ರಂತ.

ನಮ್ಮ ಕಡಿ ಆರ್ಕೆಸ್ಟ್ರಾದಾಗ ಬೇಸ್ ಗಿಟಾರ್ ನೋಡಿ ಎಷ್ಟು ವರ್ಷ ಆತೋ. ಕೀಬೋರ್ಡಿನಾಂವ ಎಡಗೈಲೆ ಒತ್ತತಾನ, ಇಲ್ಲಂದ್ರ ಟ್ರ್ಯಾಕಿನ್ಯಾಗ ತುಂಬಿ ಇಟ್ಟಿರ್ತಾರ. ಮಾಲೀಕರು ಜಾಣರು, ಒಬ್ಬನ ಪಗಾರ ಉಳೀತೈತಿ, ಊಟದ ಎಲಿ ಒಂದು ಕಡಿಮಿ. ಗಣಪತಿ ಟೈಮಿನ್ಯಾಗ ಬೇಸ್ ಅಂದ್ರ ಎದಿ ನಡಗಬೇಕು, ಕಿಡಕಿ ಗಾಜು ಅದರಬೇಕು ಅಷ್ಟ. ಕಾಕಾ ಹೊಟ್ಟಿ ಹೊರಿಯೋದು ಆ ಡಬ್ಬಿಯಿಂದನ, ಆದ್ರ ಅವರಿಗೆ ಅದು ಸೇರಂಗಿಲ್ಲ, "ಗುದ್ದು ಬ್ಯಾರೆ, ಬೇಸ್ ಬ್ಯಾರೆ" ಅಂತ ಬೈತಾನ ಇರ್ತಾರ. ನನಗ ಆ ಆರ್ಕೆಸ್ಟ್ರಾ ಹುಡುಗರ ಮ್ಯಾಲೆ ಸಿಟ್ಟಿಲ್ಲ. ಬೇಸ್ ಕಲ್ತ ಹುಡುಗ ಒಬ್ಬ ಇದ್ದ ಗಂಗಾವತ್ಯಾಗ, ಈಗ ಬೆಂಗ್ಳೂರಾಗ ಕ್ಯಾಬ್ ಹೊಡಿತಾನ, ಯಾರ ಮ್ಯಾಲೆ ಸಿಟ್ಟು ಮಾಡ್ಬೇಕು.

1979ರ 'ಮಿಂಗಸ್' ಅನ್ನೋ ಆಕಿ ಕ್ಯಾಸೆಟ್ಟು ಇನ್ನೂ ಗಮ್ಮತ್ತು. ಚಾರ್ಲ್ಸ್ ಮಿಂಗಸ್ ಸ್ವತಃ ಜಾಝಿನ ದೊಡ್ಡ ಬೇಸ್ ವಾದಕ, ನರದ ರೋಗ ಬಂದು ಗಾಲಿ ಕುರ್ಚಿಗೆ ಬಿದ್ದಿದ್ದ, ವಾದ್ಯ ಹಿಡಿಯಾಕ ಕೈ ನಡೀತಿದ್ದಿಲ್ಲ. ಅಂವ ಈಕೀನ ಕರೆಸಿ ತನ್ನ ರಾಗಕ್ಕ ಪದ ಬರಿ ಅಂದ. ಬ್ಯಾರೆ ಬ್ಯಾರೆ ವಾದಕರನ್ನ ಕರದು ಬಾರಿಸಿ ನೋಡಿ, ಕಡೀಕ ಬೇಸಿಗೆ ಜಾಕೊನ್ನ ಕೂಡ್ಸಿದ್ಳು. ಬೇಸ್ ಹಿಡಿಯಾಕಾಗದ ಬೇಸ್ ವಾದಕನ ರಾಗ, ಇನ್ನೊಬ್ಬ ಬೇಸ್ ವಾದಕನ ಕೈಯಾಗ. ಮುಗಿಯೋದ್ರಾಗ ಮಿಂಗಸ್ ತೀರಿಹೋದ, 1979ರ ಜನವರಿ, 56 ವರ್ಷ. ಕ್ಯಾಸೆಟ್ಟು ಮಂದಿಗೆ ಸೇರಲಿಲ್ಲ, ಪತ್ರಿಕೆಯವ್ರು ಒಂದಿಷ್ಟು ಬೈದ್ರು, ನನಗೂ ಪೂರ್ತಿ ಕೇಳಾಕ ಆಗಂಗಿಲ್ಲ ಖರೆ ಹೇಳ್ಬೇಕಂದ್ರ. ಆದ್ರ ರೇಡಿಯೊ ಕೈ ಬಿಡತೈತಿ ಅಂತ ಗೊತ್ತಿದ್ರೂ ಹೋದ್ಳಲ್ಲ. ಜಾಕೊ 1987ರಾಗ ಫ್ಲೋರಿಡಾದ ಒಂದು ಕ್ಲಬ್ಬಿನ ಹೊರಗ ಹೊಡತ ತಿಂದು ಸತ್ತ, 35 ವರ್ಷ. ಕಾಕಾಗ ಇದನ್ನ ಹೇಳಿದ್ದಕ್ಕ ಅವರು ಕುಡಿಯೋ ಚಟ ಇತ್ತೇನು ಅಂತ ಕೇಳಿದ್ರು, ಹೌದು ಅಂದೆ, ಅಷ್ಟಕ್ಕ ಬಿಟ್ರು.

ಆಮ್ಯಾಲೆ ಬಂದಾಂವ ಲ್ಯಾರಿ ಕ್ಲೈನ್. 1982ರ ಕ್ಯಾಸೆಟ್ಟಿಗೆ ಬೇಸ್ ಬಾರಸಾಕ ಬಂದಾಂವ, ಅದ ವರ್ಷ ಮದುವಿನೂ ಆತು. ಎಂಬತ್ತರ ದಶಕದ ಆ ಸಿಂಥ್ ಅನ್ನೋ ಎಲೆಕ್ಟ್ರಾನಿಕ್ ಕೀಬೋರ್ಡಿನ ಸದ್ದು ನನಗ ಸೇರಂಗಿಲ್ಲ, ಎಲ್ಲಾ ಪ್ಲಾಸ್ಟಿಕ್. ಆದ್ರ ಕ್ಲೈನ್ ತಾಳ್ಮಿ ಮನಷ್ಯ ಅನ್ಸತೈತಿ, ತಾನು ಮುಂದ ಬರಂಗಿಲ್ಲ, ಜಾಕೊನ ಜಾಗದಾಗ ಕುಂತು ಜಾಕೊ ಆಗಾಕ ಹೋಗಿಲ್ಲ, ಅದು ಸಣ್ಣ ಮಾತಲ್ಲ. 1994ರಾಗ ಸೋಡಚೀಟಿ ಆತು. ಅದ ವರ್ಷದ 'ಟರ್ಬುಲೆಂಟ್ ಇಂಡಿಗೊ' ಮಾಡಿದ್ದು ಇಬ್ಬರೂ ಕೂಡೇ, ಗ್ರ್ಯಾಮಿ ಸೈತ ಬಂತು. 2000ದಾಗ ಮತ್ತ ಇಬ್ಬರೂ ಕೂಡಿ ದೊಡ್ಡ ಆರ್ಕೆಸ್ಟ್ರಾ ಕಟ್ಕೊಂಡು ಇನ್ನೊಂದು ತಂದ್ರು. ನಮ್ಮ ಕಡಿ ಒಂದು ಆರ್ಕೆಸ್ಟ್ರಾದಾಗ ಹಾಡಾಕಿ, ಕೀಬೋರ್ಡಿನಾಂವ ಗಂಡ ಹೆಂಡ್ತಿ, ಜಗಳ ಆಡಿ ಎರಡು ಆರ್ಕೆಸ್ಟ್ರಾ ಆದ್ವು, ಈಗ ಒಂದ ಜಾತ್ರಿಗೆ ಎರಡೂ ಕಡಿ ಬ್ಯಾನರ್ ಕಟ್ಟತಾರ, ಒಬ್ಬರ ಬ್ಯಾನರ್ ಮ್ಯಾಲೆ ಇನ್ನೊಬ್ಬರದು.

ಆ 2000ದ್ದರಾಗ 'ಬೋತ್ ಸೈಡ್ಸ್ ನೌ' ಮತ್ತ ಹಾಡ್ಯಾಳ. 1969ರಾಗ ಅದನ್ನ ಬರೇ ಗಿಟಾರ್ ಹಿಡ್ಕೊಂಡು, ತೆಳ್ಳನ ಏರು ದನೀಲೆ ಹಾಡಿದ್ದು. ಸಿಗರೇಟು ಸೇದಿ ಸೇದಿ, ವಯಸ್ಸಾಗಿ, ದನಿ ತಳಕ್ಕ ಇಳದೈತಿ. ಗೆಳೆಯ ಅದನ್ನ ಕೇಳಂಗಿಲ್ಲ, ಹಾಳಾದ ದನಿ ಅಂತಾನ. ನನಗ ಹಳೇದ್ಕಿಂತ ಇದ ಮ್ಯಾಲು. ಬಾಳಿನ ಎರಡೂ ಮಗ್ಗಲು ನೋಡೀನಿ ಅಂತ ಇಪ್ಪತ್ತರ ಹರೇದಾಕಿ ಹೇಳಿದ್ರ ಚಂದ ಕೇಳ್ತೈತಿ, ಐವತ್ತು ದಾಟಿದಾಕಿ ಹೇಳಿದ್ರ ನಂಬಬೇಕಾಕ್ಕೈತಿ.

ನಿನ್ನೆ ಅವ್ನಿಗೆ ಇನ್ನೊಂದು ಲಿಂಕ್ ಕಳಸಿದೆ, 2022ರ ಅಮೆರಿಕಾದ ನ್ಯೂಪೋರ್ಟ್ ಸಂಗೀತ ಉತ್ಸವದ್ದು. 2015ರಾಗ ಮೆದುಳಿನ ರಕ್ತನಾಳದ ತೊಂದ್ರಿ ಆಗಿ ನಡಿಯೋದು ಮಾತಾಡೋದು ಎಲ್ಲಾ ಮತ್ತ ಕಲ್ತಾಕಿ, ಗಿಟಾರ್ ಸೈತ ಮತ್ತ ಕಲೀಬೇಕಾತು. ಆ ಶ್ರುತಿಗಳೆಲ್ಲಾ ತನ್ನವ, ಬ್ಯಾರೆ ಯಾರ್ ಹತ್ರ ಕೇಳಬೇಕು, ತನ್ನ ಹಳೇ ವಿಡಿಯೊ ಹಚ್ಕೊಂಡು ಬೆರಳು ಎಲ್ಲಿ ಇಡ್ತಿದ್ದೆ ಅಂತ ನೋಡಿ ನೋಡಿ ಕಲ್ತಾಳಂತ. ಅಲ್ಲಿ 1974ರ ಒಂದು ಹಾಡು, 'ಜಸ್ಟ್ ಲೈಕ್ ದಿಸ್ ಟ್ರೇನ್', ಹಾಡಲಿಲ್ಲ, ಎದ್ದು ನಿಂತು ಎಲೆಕ್ಟ್ರಿಕ್ ಗಿಟಾರಿನ್ಯಾಗ ಬಾರಿಸಿದ್ಳು ಅಷ್ಟ. "ಇದನ್ನರ ಕೇಳ್ತಿಯೋ ಇಲ್ಲೋ" ಅಂತ ಬರದಿದ್ದೆ. ಎರಡು ನೀಲಿ ಟಿಕ್ ಬಂದಾವ, ಉತ್ತರ ಬಂದಿಲ್ಲ. ನೈಟ್ ಶಿಫ್ಟ್ ಇರಬೇಕು, ಇಲ್ಲಾ ಸೆಡುವು.