ಬೆವಿನ್ ಬಾಯ್ಸ್ ಜಾಡಿನಲ್ಲಿ: ಮೊದಲು ಗಣಿ, ಆಮೇಲೆ ಸ್ಮಾರಕ

ಬ್ರಿಟನ್ ಪ್ರವಾಸಕ್ಕೆ ಹೊರಟವರು ಎರಡು ಜಾಗ ಸೇರಿಸಿಕೊಳ್ಳಿ: ವೇಲ್ಸ್‌ನ ಬ್ಲೇನಾವನ್‌ನಲ್ಲಿರುವ ಬಿಗ್ ಪಿಟ್ ಕಲ್ಲಿದ್ದಲು ಗಣಿ (ಈಗ ಮ್ಯೂಸಿಯಂ), ಸ್ಟ್ಯಾಫರ್ಡ್‌ಶೈರ್‌ನ ನ್ಯಾಷನಲ್ ಮೆಮೋರಿಯಲ್ ಆರ್ಬೊರೀಟಂ ಎಂಬ ಸ್ಮಾರಕಗಳ ಮರತೋಪು. ಗಣಿಗೇ ಮೊದಲು ಹೋಗಿ. ಒಳಗೆ ಇಳಿದು ಬಂದವರಿಗೆ ಸ್ಮಾರಕದ ಬೆಲೆ ತಿಳಿಯುತ್ತದೆ.

ಎರಡನೇ ಮಹಾಯುದ್ಧದಲ್ಲಿ ಗಣಿ ಕೆಲಸಗಾರರು ಸೈನ್ಯಕ್ಕೂ, ಜಾಸ್ತಿ ಕೂಲಿ ಸಿಗುವ ಕಾರ್ಖಾನೆಗಳಿಗೂ ಹೋಗಿಬಿಟ್ಟಿದ್ದರು. ಕಲ್ಲಿದ್ದಲಿಲ್ಲದೆ ರೈಲೂ ಓಡದು, ಕಾರ್ಖಾನೆಯೂ ನಡೆಯದು. 1943ರ ಡಿಸೆಂಬರ್‌ನಲ್ಲಿ ಕಾರ್ಮಿಕ ಮಂತ್ರಿ ಅರ್ನೆಸ್ಟ್ ಬೆವಿನ್ ಚೀಟಿ ಎತ್ತಿಸಲು ಶುರುಮಾಡಿದರು. ಸೇನೆಗೆ ಕರೆ ಬಂದ ಹುಡುಗನ ನೋಂದಣಿ ಸಂಖ್ಯೆಯ ಕೊನೆಯ ಅಂಕಿಯೇ ಚೀಟಿಯಲ್ಲಿ ಬಂದರೆ ಅವನು ಗಣಿಗೆ. ಒಪ್ಪದಿದ್ದರೆ ಜೈಲು. ತಾವಾಗಿಯೇ ಬಂದವರೂ ಸೇರಿ ಸುಮಾರು 48,000 ಜನ ಹೀಗೆ ಗಣಿ ಸೇರಿದರು. ಮಂತ್ರಿಯ ಹೆಸರಿನಿಂದಲೇ ಇವರಿಗೆ ‘ಬೆವಿನ್ ಬಾಯ್ಸ್’, ಅಂದರೆ ಬೆವಿನ್ ಹುಡುಗರು, ಎಂಬ ಹೆಸರು.

ಬಿಗ್ ಪಿಟ್‌ಗೆ ಕಾರಿದ್ದರೆ ಸುಲಭ. ಇಲ್ಲದಿದ್ದರೆ ನ್ಯೂಪೋರ್ಟ್‌ವರೆಗೆ ರೈಲು, ಅಲ್ಲಿಂದ ಬ್ಲೇನಾವನ್‌ಗೆ ಬಸ್ಸು. ಗಣಿ ಊರಾಚೆ ಇದೆ, ನಡೆಯಬೇಕು. ಕೆಳಗಿಳಿಯುವ ಸಮಯ, ಟಿಕೆಟ್ ಎಲ್ಲಾ ಮೊದಲೇ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಮೊಬೈಲು, ಬ್ಯಾಟರಿ ವಾಚು, ಲೈಟರು ಮೇಲೆಯೇ ಕೊಟ್ಟು ಹೋಗಬೇಕು, ಹಾಗಾಗಿ ಒಳಗಿನ ಫೋಟೋ ಆಸೆ ಬಿಡಿ. ಹೆಲ್ಮೆಟ್ಟು, ದೀಪ, ಸೊಂಟಕ್ಕೆ ಭಾರದ ಬ್ಯಾಟರಿ. ಲಿಫ್ಟ್ 90 ಮೀಟರ್ ಇಳಿಯುತ್ತದೆ. ಕೆಲವು ಕಡೆ ಬಗ್ಗಿಯೇ ನಡೆಯಬೇಕು. ಬೆನ್ನು, ಮಂಡಿ ನೋವಿದ್ದವರು ಯೋಚಿಸಿ. ಬೇಸಿಗೆಯಲ್ಲೂ ಸ್ವೆಟರ್ ಬೇಕು, ಗಟ್ಟಿ ಬೂಟು ಬೇಕು.

ಒಳಗೆ ಕುದುರೆ ಲಾಯ ಇದೆ. ಒಂದೊಂದು ಕುದುರೆಯ ಜಾಗದ ಮೇಲೂ ಅದರ ಹೆಸರಿನ ಫಲಕ. ಅಲ್ಲಿ ಸ್ವಲ್ಪ ನಿಲ್ಲಿ. ಬೆವಿನ್ ಹುಡುಗರಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಕಲ್ಲಿದ್ದಲು ಕಡಿಯುವ ಕೆಲಸವಲ್ಲ, ಸಾಗಿಸುವ ಕೆಲಸ. ಬ್ರಿಟನ್ನಿನ ಗಣಿಗಳಲ್ಲಿ ಕೆಲವರು ಇಂಥ ಕುದುರೆಗಳ ಜೊತೆಗೇ ದಿನ ಕಳೆದರು. ದಾರಿ ತೋರಿಸುವವರು ಹಳೆಯ ಗಣಿ ಕಾರ್ಮಿಕರು. ಸಂಕೋಚ ಬೇಡ, ಪ್ರಶ್ನೆ ಕೇಳಿ. ಅವರು ದೀಪ ಆರಿಸಲು ಹೇಳಿದಾಗ ನನಗೆ ನನ್ನ ಕೈಯೇ ಕಾಣಲಿಲ್ಲ. ಹದಿನೆಂಟರ ಹುಡುಗ ಇದರೊಳಗೆ ದಿನವೂ ಇಳಿಯಬೇಕಿತ್ತು, ಅಲ್ವಾ?

ಸಮವಸ್ತ್ರ ಇರಲಿಲ್ಲ. ಹಾಗಾಗಿ ಯುದ್ಧ ತಪ್ಪಿಸಿಕೊಂಡವರೆಂದು ಬೀದಿಯಲ್ಲಿ ಬೈಗುಳ, ಪೊಲೀಸರ ವಿಚಾರಣೆ. ಕೊನೆಯವರು ಬಿಡುಗಡೆಯಾದದ್ದು 1948ರಲ್ಲಿ. ಪದಕವಿಲ್ಲ, ಹಳೆಯ ಕೆಲಸ ವಾಪಸ್ ಸಿಗುವ ಭರವಸೆಯೂ ಇಲ್ಲ. ಸರ್ಕಾರ ಬ್ಯಾಡ್ಜ್ ಕೊಟ್ಟದ್ದು 2008ರಲ್ಲಿ! ಇದು ದೊಡ್ಡ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಆರ್ಬೊರೀಟಂನಲ್ಲಿ ಅವರ ಸ್ಮಾರಕ ಬಂದದ್ದು 2013ರಲ್ಲಿ. ವಿನ್ಯಾಸ ಮಾಡಿದ ಹ್ಯಾರಿ ಪಾರ್ಕ್ಸ್ ಸ್ವತಃ ಬೆವಿನ್ ಬಾಯ್. ಬೆವಿನ್ ಚೀಟಿ ಎತ್ತಿಸಿದ ಅದೇ 1943ರಲ್ಲಿ ನಮ್ಮಲ್ಲೂ, ಕೂಲಿಗಳ ಕೊರತೆಯಿಂದಲೇ, ಹೆಂಗಸರು ಗಣಿಯೊಳಗೆ ಇಳಿಯಬಾರದೆಂಬ ನಿಷೇಧವನ್ನು ಬಂಗಾಳ, ಬಿಹಾರದ ಕಲ್ಲಿದ್ದಲು ಗಣಿಗಳಲ್ಲಿ ತೆಗೆದುಹಾಕಲಾಗಿತ್ತು. ಸ್ಮಾರಕದ ಕಲ್ಲುಗಳ ಮುಂದೆ ನಿಂತಾಗ ನನಗೆ ಆ ಹೆಂಗಸರೂ ನೆನಪಾದರು.

ಆರ್ಬೊರೀಟಂ ತುಂಬಾ ದೊಡ್ಡದು. ಸುಮ್ನೆ ಹುಡುಕುತ್ತಾ ಅಲೆಯಬೇಡಿ, ಬಾಗಿಲಲ್ಲೇ ನಕ್ಷೆ ತೆಗೆದುಕೊಳ್ಳಿ. ರೈಲಿನಲ್ಲಿ ಬರುವವರು ಲಿಚ್‌ಫೀಲ್ಡ್‌ನಲ್ಲಿ ಇಳಿದು ಟ್ಯಾಕ್ಸಿ ಹಿಡಿಯಿರಿ. ವಾಪಸ್ ಟ್ಯಾಕ್ಸಿಯನ್ನೂ ಆಗಲೇ ಹೇಳಿಟ್ಟುಕೊಳ್ಳಿ.